ತುಕ್ಕಿನ ಮೇಲೆಯೇ ಬಣ್ಣ ಬಳಿದರೆ ತುಕ್ಕು ನಿಲ್ಲುತ್ತದೆಯೇ?

ಮಳೆಗಾಲ ಮುಗಿಯುವ ಹೊತ್ತಿಗೆ ಅಂಗಳದ ಕಬ್ಬಿಣದ ಕುರ್ಚಿಯಲ್ಲಿ ಅಲ್ಲಲ್ಲಿ ಬಣ್ಣ ಉಬ್ಬಿ, ಕಂದು ಪುಡಿ ಉದುರುತ್ತಿರುತ್ತದೆ. ‘ಮೇಲೊಂದು ಕೋಟ್ ಪೇಂಟ್ ಹೊಡೆದರೆ ಸರಿಹೋಗುತ್ತದೆ’ ಎನ್ನುವವರೇ ಹೆಚ್ಚು. ನಾವೂ ಹಾಗೇ ಮಾಡಿದ್ದೆವು. ಮುಂದಿನ ಮಳೆಗೆ ಅದೇ ಜಾಗದಲ್ಲಿ ಬಣ್ಣ ಹಪ್ಪಳದಂತೆ ಎದ್ದಿತ್ತು.

ಯಾಕೆ ಹೀಗೆ? ಕಬ್ಬಿಣವು ನೀರು ಮತ್ತು ಆಮ್ಲಜನಕದೊಂದಿಗೆ ಸೇರಿ ತುಕ್ಕಾಗುತ್ತದೆ. ಅಲ್ಯೂಮಿನಿಯಂ ಮೇಲೆ ಮೂಡುವ ಆಕ್ಸೈಡ್ ಗಟ್ಟಿಯಾಗಿ ಅಂಟಿಕೊಂಡು ಒಳಗಿನ ಲೋಹವನ್ನು ಕಾಯುತ್ತದೆ. ತುಕ್ಕು ಹಾಗಲ್ಲ. ಅದು ಮೂಲ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ, ಸಡಿಲವಾಗಿರುತ್ತದೆ, ಸ್ಪಂಜಿನಂತೆ ತೇವ ಹಿಡಿದಿಡುತ್ತದೆ. ಕಾರವಾರ, ಮಂಗಳೂರಿನಂಥ ಕಡಲ ಊರುಗಳಲ್ಲಿ ಉಪ್ಪೂ ಅದರೊಳಗೆ ಸೇರಿ ಕೆಲಸವನ್ನು ಚುರುಕುಗೊಳಿಸುತ್ತದೆ. ಇಂಥ ಪದರದ ಮೇಲೆ ಬಳಿದ ಬಣ್ಣ ಕಬ್ಬಿಣವನ್ನು ಮುಟ್ಟುವುದೇ ಇಲ್ಲ. ಅಡಿಯ ತುಕ್ಕು ಕಳಚಿದಾಗ ಬಣ್ಣವೂ ಕಳಚುತ್ತದೆ.

‘ರೆಡ್ ಆಕ್ಸೈಡ್ ಪ್ರೈಮರ್ ತುಕ್ಕನ್ನು ತಿನ್ನುತ್ತದೆ’ ಎಂಬ ಮಾತೂ ಇದೆ. ತಮಾಷೆಯೆಂದರೆ, ಅದಕ್ಕೆ ಕೆಂಪು ಬಣ್ಣ ಕೊಡುವುದೂ ಕಬ್ಬಿಣದ ಆಕ್ಸೈಡೇ, ಅಂದರೆ ತುಕ್ಕಿನ ದಾಯಾದಿ! ಅಲ್ಲಿ ಅದು ಅಂಟಿನಲ್ಲಿ ಬಿಗಿಯಾಗಿ ಹುದುಗಿರುವುದರಿಂದ ಬಣ್ಣಕ್ಕೆ ಒಳ್ಳೆಯ ತಳಪಾಯವಾಗುತ್ತದೆ, ಅಷ್ಟೆ. ಸಡಿಲ ತುಕ್ಕನ್ನು ಉಜ್ಜಿಯೇ ತೆಗೆಯಬೇಕು. ಕುಳಿಗಳಲ್ಲಿ ಉಳಿದದ್ದಕ್ಕೆ ಟ್ಯಾನಿಕ್ ಆಮ್ಲವಿರುವ ‘ರಸ್ಟ್ ಕನ್ವರ್ಟರ್’ ಹಚ್ಚಬಹುದು; ಅದು ತುಕ್ಕನ್ನು ಸ್ಥಿರವಾದ ಕಪ್ಪು ಸಂಯುಕ್ತವಾಗಿಸುತ್ತದೆ. ಅಳಲೆಕಾಯಿಯ ರಸ ಕಬ್ಬಿಣಕ್ಕೆ ತಾಗಿದರೆ ಕಪ್ಪಾಗುವುದೂ ಇದೇ ರಸಾಯನದಿಂದ.

ಆದರೆ ಉಜ್ಜುವ ಮುನ್ನ ಕುರ್ಚಿಯ ವಯಸ್ಸು ಕೇಳಿಕೊಳ್ಳಿ. ಭಾರತದಲ್ಲಿ ಮನೆಬಳಕೆಯ ಬಣ್ಣಗಳಲ್ಲಿ ಸೀಸವು ಹತ್ತು ಲಕ್ಷ ಭಾಗಕ್ಕೆ 90 ಭಾಗ ಮೀರಬಾರದೆಂಬ ನಿಯಮ ಜಾರಿಯಾದದ್ದು 2017ರ ನವೆಂಬರ್‌ನಲ್ಲಿ. ಅದಕ್ಕಿಂತ ಹಳೆಯ ಬಣ್ಣದಲ್ಲಿ ಸೀಸ ಇರಬಹುದೆಂದೇ ತಿಳಿದು ನಡೆಯುವುದು ಒಳಿತು. ಒಣದಾಗಿ ಉಜ್ಜಿದರೆ ಆ ಧೂಳು ಅಂಗಳದಲ್ಲಿ ಕೂರುತ್ತದೆ, ಆಡುವ ಮಗುವಿನ ಕೈಗೆ, ಅಲ್ಲಿಂದ ಬಾಯಿಗೆ ಹೋಗುತ್ತದೆ. ಮಕ್ಕಳ ಮಿದುಳಿನ ಬೆಳವಣಿಗೆಗೆ ಸೀಸದ ಯಾವ ಪ್ರಮಾಣವೂ ಸುರಕ್ಷಿತವಲ್ಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಹಾಗಾಗಿ ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಿ, ನೀರು ಚಿಮುಕಿಸುತ್ತಾ ವಾಟರ್ ಪೇಪರ್‌ನಿಂದ ಉಜ್ಜಿ. ಮೂಗಿಗೆ ಬಟ್ಟೆ ಕಟ್ಟಿದರೆ ಸಾಲದು, ಎನ್95 ಮಾಸ್ಕ್ ಬೇಕು. ಮಕ್ಕಳೂ ಗರ್ಭಿಣಿಯರೂ ದೂರವಿರಲಿ. ಉದುರಿದ್ದನ್ನು ಗುಡಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ.

ಉಳಿದದ್ದು ಸುಲಭ. ತೊಳೆದು, ಬಿಸಿಲಲ್ಲಿ ಪೂರ್ತಿ ಒಣಗಿಸಿ, ಅದೇ ದಿನ ಪ್ರೈಮರ್ ಹಚ್ಚಿ. ಬರಿಮೈಯ ಕಬ್ಬಿಣ ಒಂದು ರಾತ್ರಿಯ ಇಬ್ಬನಿಗೂ ಮತ್ತೆ ಕೆಂಪಾಗಬಲ್ಲದು. ಪ್ರೈಮರ್ ಒಣಗಿದ ಮೇಲೆ ಎನಾಮೆಲ್ ಬಣ್ಣದ ಎರಡು ತೆಳು ಕೋಟ್ ಕೊಡಿ, ದಪ್ಪನೆಯ ಒಂದಲ್ಲ. ಕುರ್ಚಿಯನ್ನು ತಲೆಕೆಳಗು ಮಾಡಿ ಕಾಲಿನ ತುದಿಗೂ ಬಳಿಯಿರಿ: ನೀರು ನಿಲ್ಲುವುದೂ, ತುಕ್ಕು ಮೊದಲು ಶುರುವಾಗುವುದೂ ಸಾಮಾನ್ಯವಾಗಿ ಅಲ್ಲೇ.