ತಾರಸ್ಥಾಯಿ ಕಿವಿಗೆ ಚುಚ್ಚಿದರೆ ತಪ್ಪು ಡ್ಯಾಕ್‌ನದೇ?

ಎಸ್. ಜಾನಕಿಯವರ ದನಿ ತಾರಸ್ಥಾಯಿಗೆ ಏರಿದಾಗ ಕಿವಿಗೆ ಚುಚ್ಚಿದಂತಾದರೆ ಹಲವರು ದೂರುವುದು ಡ್ಯಾಕ್ ಅನ್ನು, ಅಂದರೆ ಅಂಕಿಗಳಾಗಿ ಕೂಡಿಟ್ಟ ಸಂಗೀತವನ್ನು ವಿದ್ಯುತ್ ಅಲೆಯಾಗಿಸುವ ಸಾಧನವನ್ನು. ಈ ದೂರು ಹೆಚ್ಚಿನ ಸಲ ನಿಲ್ಲುವುದಿಲ್ಲ. ಐದು ಮನೆ ಶ್ರುತಿಯಲ್ಲಿ ಹಾಡುವ ಗಾಯಕಿಯ ತಾರಸ್ಥಾಯಿ ಪಂಚಮದ ಕಂಪನಾಂಕ ಸುಮಾರು 588 ಹರ್ಟ್ಸ್. ಒಪೆರಾ ಗಾಯಕಿಯರ ಹೆಸರಾಂತ ‘ಹೈ ಸಿ’ ಕೂಡ 1,047 ಹರ್ಟ್ಸ್ ಅಷ್ಟೇ. ಚುಚ್ಚುವುದು ಮೂಲಸ್ವರವಲ್ಲ, ಅದರೊಡನೆ ಹುಟ್ಟುವ ಮೇಲಿನ ಸ್ವರಗಳು. ಕಿವಿಯ ನಾಳವೇ 3,000 ಹರ್ಟ್ಸ್ ಆಸುಪಾಸಿನ ಸದ್ದನ್ನು ಹಿಗ್ಗಿಸಿ ಕೇಳಿಸುತ್ತದೆ. ‘ಸ’, ‘ಶ’ಗಳ ಸೀಳು ಇನ್ನೂ ಮೇಲೆ, ಸುಮಾರು 5,000ದಿಂದ 9,000 ಹರ್ಟ್ಸ್ ನಡುವೆ. ಸಿ.ಡಿ. ಗುಣಮಟ್ಟದ ಧ್ವನಿಯಲ್ಲಿ 22,050 ಹರ್ಟ್ಸ್‌ವರೆಗೆ ಜಾಗವಿದೆ. ಸರಿಯಾಗಿ ರೂಪಿಸಿದ ಅಗ್ಗದ ಡ್ಯಾಕ್ ಕೂಡ ಈ ಹರವಿನ ಬಹುಪಾಲನ್ನು ಏರುಪೇರಿಲ್ಲದೆ ದಾಟಿಸುತ್ತದೆ. ಅದೇ ಹರವಿನಲ್ಲಿ ಒಂದು ಹೆಡ್‌ಫೋನಿಗೂ ಇನ್ನೊಂದಕ್ಕೂ ಹಲವು ಡೆಸಿಬಲ್‌ಗಳ ಅಂತರ ಸಾಮಾನ್ಯ. ಇನ್ನು ಧ್ವನಿಮುದ್ರಣದಲ್ಲೇ ಸೇರಿಹೋದ ಕರ್ಕಶತೆಯನ್ನು ಯಾವ ಡ್ಯಾಕ್ ತಾನೇ ತೆಗೆದೀತು?

‘ಡ್ಯಾಕ್ ಬದಲಿಸಿದೆ, ದನಿ ಸಹಜವಾಯಿತು’ ಎನ್ನುವವರ ಅನುಭವ ಸುಳ್ಳೇನಲ್ಲ, ಅದರ ಕಾರಣವನ್ನು ಮಾತ್ರ ಪರೀಕ್ಷಿಸಬೇಕು. ಎರಡು ಸಾಧನಗಳಲ್ಲಿ ಒಂದು ತುಸುವೇ ಜೋರಾಗಿದ್ದರೂ ಅದು ಜೋರು ಎನಿಸುವ ಬದಲು ಚೆನ್ನಾಗಿದೆ ಎನಿಸುತ್ತದೆ. ಮೇಯರ್ ಮತ್ತು ಮೊರಾನ್ 2007ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಉತ್ಕೃಷ್ಟ ದರ್ಜೆಯ ಧ್ವನಿಯನ್ನು ನೇರವಾಗಿಯೂ ಸಿ.ಡಿ. ಮಟ್ಟಕ್ಕೆ ಇಳಿಸಿಯೂ ಕೇಳಿಸಿದರು. ಗಟ್ಟಿತನ ಸರಿಹೊಂದಿಸಿ, ಯಾವುದು ಯಾವುದೆಂದು ತಿಳಿಸದೆ ಕೇಳಿದಾಗ 554 ಪ್ರಯತ್ನಗಳಲ್ಲಿ ಸರಿಯುತ್ತರ ಬಂದದ್ದು 276 ಸಲ, ಅಂದರೆ ಬರೀ ಊಹೆಯಿಂದಲೇ ಬರಬಹುದಾದಷ್ಟು. ‘ನಾನ್ ಓವರ್‌ಸ್ಯಾಂಪ್ಲಿಂಗ್’ ಡ್ಯಾಕ್‌ಗಳ, ಅಂದರೆ ದಾಖಲಾದ ಅಂಕಿಗಳ ನಡುವೆ ಹೊಸ ಅಂಕಿಗಳನ್ನು ಲೆಕ್ಕಹಾಕಿ ತುಂಬದ ಡ್ಯಾಕ್‌ಗಳ, ಮೃದುತ್ವದ ವಿಷಯ ಬೇರೆ. ಅದು ನಿಜ, ಅಳೆಯಲೂಬಹುದು. ಸಿ.ಡಿ. ಧ್ವನಿಯಲ್ಲಿ ಅವು 10,000 ಹರ್ಟ್ಸ್‌ನಲ್ಲಿ ಮುಕ್ಕಾಲು ಡೆಸಿಬಲ್, 20,000ದಲ್ಲಿ ಸುಮಾರು 3 ಡೆಸಿಬಲ್ ತಗ್ಗಿಸುತ್ತವೆ. ಆದರೆ ಈ ಕೆಲಸವನ್ನು ಫೋನಿನ ಈಕ್ವಲೈಜರ್ ಖರ್ಚಿಲ್ಲದೆ ಮಾಡುತ್ತದೆ, ಬೇಡವೆನಿಸಿದಾಗ ತೆಗೆಯಲೂಬಹುದು.

ಹಾಗೆಂದು ಯಾವ ಡ್ಯಾಕ್ ಆದರೂ ಆದೀತು ಎನ್ನುವಂತಿಲ್ಲ. ಈಚಿನ ಧ್ವನಿಮುದ್ರಣಗಳನ್ನು ಗರಿಷ್ಠ ಮಟ್ಟದವರೆಗೂ ಏರಿಸಿರುತ್ತಾರೆ. ದಾಖಲಾದ ಎರಡು ಅಂಕಿಗಳ ನಡುವೆ ಮೂಲ ಅಲೆ ಇನ್ನೂ ಮೇಲೇರಿರಬಹುದು. ಅದಕ್ಕೆ ತಾವಿಲ್ಲದ ಡ್ಯಾಕ್ ಆ ತುದಿಯನ್ನು ಕತ್ತರಿಸಿಬಿಡುತ್ತದೆ. ಗಾಯಕಿ ಗಟ್ಟಿಯಾಗಿ ಎತ್ತಿದ ಸ್ವರದಲ್ಲೇ ಇದು ಆಗುವ ಸಂಭವ ಹೆಚ್ಚು. ಪ್ಲೇಯರ್‌ ಆ್ಯಪಿನಲ್ಲೇ ಮಟ್ಟವನ್ನು 3-4 ಡೆಸಿಬಲ್ ಇಳಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಹೆಡ್‌ಫೋನನ್ನು ನೇರವಾಗಿ ಜೋಡಿಸುವುದಾದರೆ ಡ್ಯಾಕ್‌ನ ಔಟ್‌ಪುಟ್ ರೋಧವನ್ನೂ ನೋಡಿ: ಅದು ಹೆಡ್‌ಫೋನಿನ ರೋಧದ ಎಂಟನೇ ಒಂದು ಭಾಗದೊಳಗಿರಲಿ, 16 ಓಮ್‌ನ ಇಯರ್‌ಫೋನಿಗೆ 2 ಓಮ್. ಅದಕ್ಕಿಂತ ಹೆಚ್ಚಿದ್ದರೆ, ಅದರಲ್ಲೂ ಹಲವು ಡ್ರೈವರ್‌ಗಳ ಇಯರ್‌ಫೋನ್‌ಗಳಲ್ಲಿ, ದನಿಯ ಬಣ್ಣವೇ ಬದಲಾಗಬಹುದು. ಇವೆರಡೂ ಸರಿಯಿರುವ ಸಾಧಾರಣ ಬೆಲೆಯ ಡ್ಯಾಕ್ ಕೊಂಡು, ಉಳಿದ ಹಣವನ್ನು ಒಳ್ಳೆಯ ಹೆಡ್‌ಫೋನಿಗೆ ಹಾಕಿ. ಕೊಳ್ಳುವ ಮೊದಲು ನಿಮಗೆ ಚೆನ್ನಾಗಿ ಗೊತ್ತಿರುವ ಗಾಯಕಿಯ ಹಾಡನ್ನೇ ಅದರಲ್ಲಿ ಕೇಳಿ ನೋಡಿ.