ಬೋರ್ ಮಾಡಿಸಿದ ಬೈಕು, ಘಟ್ಟದ ದಾರಿ

ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಕಡೆ ಬೈಕಿನಲ್ಲೇ ಶಾಲೆಗೆ ಹೋಗುವ ಶಿಕ್ಷಕರು ಅನೇಕರು. ಗಾಡಿ ನೀಲಿ ಹೊಗೆ ಉಗುಳತೊಡಗಿದರೆ ಮೆಕ್ಯಾನಿಕ್ ‘ಬೋರ್‌ಗೆ ಬಂದಿದೆ’ ಎನ್ನುತ್ತಾರೆ. ಸಿಲಿಂಡರ್ ಕೊರೆಸಿ, ಹೊಸ ಪಿಸ್ಟನ್, ರಿಂಗ್ ಹಾಕಿ, ‘ಸಾವಿರ ಕಿ.ಮೀ.ವರೆಗೆ ನಲವತ್ತು ದಾಟಬೇಡಿ ಸರ್’ ಎಂದು ಕಳುಹಿಸುತ್ತಾರೆ. ಈ ಮಾತು ಅರ್ಧ ಸರಿ. ಏಕೆಂದು ನೋಡೋಣ.

ಕೊರೆದ ಸಿಲಿಂಡರಿನ ಒಳಗೋಡೆ ಕೈಗೆ ನುಣುಪು. ಸೂಕ್ಷ್ಮದರ್ಶಕದಲ್ಲಿ ಮಾತ್ರ ಅದು ಗುಡ್ಡ ಕಣಿವೆಗಳ ನಾಡು: ಹೋನಿಂಗ್ ಕಲ್ಲು ಎಳೆದ ಗೆರೆಗಳು ಒಂದನ್ನೊಂದು ಅಡ್ಡ ಹಾಯ್ದಿರುತ್ತವೆ. ಕಣಿವೆಗಳಲ್ಲಿ ಎಣ್ಣೆ ನಿಲ್ಲಬೇಕು. ಗುಡ್ಡಗಳ ತುದಿ ರಿಂಗಿಗೆ ಉಜ್ಜಿ ಸವೆಯಬೇಕು. ಆಗಲೇ ಎರಡೂ ಒಂದಕ್ಕೊಂದು ಹೊಂದಿಕೊಂಡು ಅನಿಲ ಸೋರದಂತೆ ತಡೆಯುತ್ತವೆ. ರಿಂಗನ್ನು ಗೋಡೆಗೆ ಒತ್ತುವುದು ಅದರ ಸ್ಥಿತಿಸ್ಥಾಪಕ ಗುಣವೊಂದೇ ಅಲ್ಲ. ಉರಿಯುವ ಅನಿಲವು ರಿಂಗಿನ ಹಿಂದಿನ ಸಂದಿಗೆ ನುಗ್ಗಿ ಅದನ್ನು ಹೊರಕ್ಕೆ ತಳ್ಳುತ್ತದೆ. ಬಹಳ ಮೆಲ್ಲಗೆ, ಒಂದೇ ವೇಗದಲ್ಲಿ ಓಡಿಸಿದರೆ ಈ ಒತ್ತಡ ಸಾಲದು. ತುದಿಗಳು ಸವೆಯುವ ಮೊದಲೇ ಗೋಡೆಯ ಮೇಲೆ ಗಾಜಿನಂಥ ಲೇಪ ಕೂರಬಹುದು. ಆಮೇಲೆ ಎಂಜಿನ್ ಎಣ್ಣೆ ಕುಡಿಯುತ್ತಲೇ ಇರುತ್ತದೆ.

ಹಾಗೆಂದು ಎಕ್ಸಲರೇಟರ್ ಪೂರ್ತಿ ತಿರುಗಿಸುವಂತೆಯೂ ಇಲ್ಲ. ಹೊಸ ಮೇಲ್ಮೈಗಳಲ್ಲಿ ಘರ್ಷಣೆ ಹೆಚ್ಚು, ಶಾಖವೂ ಹೆಚ್ಚು. 50 ಮಿ.ಮೀ. ವ್ಯಾಸದ ಅಲ್ಯುಮಿನಿಯಂ ಮಿಶ್ರಲೋಹದ ಪಿಸ್ಟನ್ 100 ಡಿಗ್ರಿ ಸೆಲ್ಸಿಯಸ್‌ನಷ್ಟು ಹೆಚ್ಚು ಬಿಸಿಯಾದರೆ ಸುಮಾರು 0.10 ಮಿ.ಮೀ. ಹಿಗ್ಗುತ್ತದೆ. ಎರಕದ ಕಬ್ಬಿಣದ ಗೋಡೆಯ ವ್ಯಾಸ, 80 ಡಿಗ್ರಿ ಏರಿಕೆಗೆ, ಸುಮಾರು 0.04 ಮಿ.ಮೀ. ಮಾತ್ರ. ವ್ಯತ್ಯಾಸ 0.06. ಜೋಡಿಸುವಾಗ ಬಿಡುವ ಸಂದು ಕೂಡ ಮಿಲಿಮೀಟರಿನ ಕೆಲವೇ ನೂರನೆಯ ಭಾಗಗಳಷ್ಟು!

ತರುಣನಾಗಿದ್ದಾಗ, ಬೋರ್ ಮಾಡಿಸಿದ ಮೂರನೆಯ ದಿನವೇ ಗೆಳೆಯನನ್ನು ಕೂರಿಸಿಕೊಂಡು ಅಣಶಿ ಘಟ್ಟ ಹತ್ತಿದೆ. ಎಂಜಿನ್ ಫಕ್ಕನೆ ಹಿಡಿದುಕೊಂಡಿತು; ಹಿಂದಿನ ಚಕ್ರ ತಿರುಗದೆ ಜಾರಿತು. ಕ್ಲಚ್ ಒತ್ತಿದ್ದರಿಂದ ಕಂದಕಕ್ಕೆ ಬೀಳಲಿಲ್ಲ. ತಪ್ಪು ನನ್ನದೇ. ಭೌತಶಾಸ್ತ್ರ ಓದಿಯೂ!

ಆದ್ದರಿಂದ ಮೊದಲ ಕೆಲವು ನೂರು ಕಿ.ಮೀ. ಮುಂಡಗೋಡ ಅಥವಾ ಹಳಿಯಾಳದ ಬಯಲು ದಾರಿಯಲ್ಲಿ ಒಬ್ಬರೇ ಓಡಿಸಿ. ವೇಗವನ್ನು ಏರಿಸುತ್ತ ಇಳಿಸುತ್ತ ಇರಿ, ಅರ್ಧಕ್ಕಿಂತ ಹೆಚ್ಚು ಎಕ್ಸಲರೇಟರ್ ಬೇಡ. ನಡುವೆ ನಿಲ್ಲಿಸಿ ಆರಲು ಬಿಡಿ. ಏರಿನಲ್ಲಿ ಟಾಪ್ ಗೇರಿನಲ್ಲಿ ಎಂಜಿನ್ನನ್ನು ಏದುಸಿರು ಬಿಡಿಸದೆ ಗೇರು ಇಳಿಸಿ. ತಯಾರಕರ ಕೈಪಿಡಿಯಲ್ಲಿ ಮಿತಿ ಕೊಟ್ಟಿದ್ದರೆ ಅದನ್ನೇ ಪಾಲಿಸಿ.

ನಾಲ್ಕು ಹೊಡೆತದ ಎಂಜಿನ್ನಾದರೆ ಎಣ್ಣೆಯನ್ನೂ ಬೇಗ ಬದಲಿಸಿ. ಇಳಿಸಿದ ಎಣ್ಣೆಯನ್ನು ಚೆಲ್ಲಬೇಡಿ. ಪ್ಲಾಸ್ಟಿಕ್ ಹಾಳೆ ಸುತ್ತಿದ ಅಯಸ್ಕಾಂತವನ್ನು ಅದರಲ್ಲಿ ಆಡಿಸಿ, ತರಗತಿಯಲ್ಲಿ ತೋರಿಸಿ. ಅಂಟುವ ಕಪ್ಪು ಪುಡಿಯಲ್ಲಿ ರಿಂಗಿನಿಂದ, ಗೋಡೆಯಿಂದ ಸವೆದ ಕಬ್ಬಿಣವಿದೆ. ಪಿಸ್ಟನ್ನಿನ ಅಲ್ಯುಮಿನಿಯಂ ಮಾತ್ರ ಅಂಟುವುದಿಲ್ಲ.