ಮುರಿದ ದವಡೆಯೂ ಬಟ್ಟೆಯ ಕಟ್ಟೂ

2002ರ ಮೇ ತಿಂಗಳಲ್ಲಿ ಆಂಟಿಗುವಾದ ಟೆಸ್ಟ್ ಪಂದ್ಯದಲ್ಲಿ ಮರ್ವಿನ್ ಡಿಲನ್ನರ ಚೆಂಡು ಬೆಂಗಳೂರಿನ ಅನಿಲ್ ಕುಂಬ್ಳೆಯವರ ದವಡೆಯನ್ನು ಮುರಿಯಿತು. ಸುಮಾರು 160 ಗ್ರಾಂ ತೂಕದ ಚೆಂಡು ಗಂಟೆಗೆ 130 ಕಿಲೋಮೀಟರು ವೇಗದಿಂದ ಬಂದಿತೆಂದು ಭಾವಿಸೋಣ. ಅದರ ಚಲನಶಕ್ತಿ 100 ಜೂಲಿಗಿಂತ ತುಸು ಹೆಚ್ಚು. 1 ಕಿಲೋಗ್ರಾಂ ಕಲ್ಲು 10 ಮೀಟರು ಎತ್ತರದಿಂದ ಬಿದ್ದಂತೆ! ಕ್ಯಾಚು ಹಿಡಿಯುವವನು ಕೈಗಳನ್ನು ಹಿಂದಕ್ಕೆ ಸೆಳೆದು, ಆಘಾತದ ಕಾಲವನ್ನು ಹೆಚ್ಚಿಸಿ, ಬಲವನ್ನು ತಗ್ಗಿಸುತ್ತಾನೆ. ದವಡೆಗೆ ಆ ಅವಕಾಶವೆಲ್ಲಿ?

ಆದರೂ ಕುಂಬ್ಳೆಯವರು ಮುಖಕ್ಕೆ ಕಟ್ಟು ಬಿಗಿದುಕೊಂಡು ಸತತವಾಗಿ 14 ಓವರುಗಳನ್ನು ಎಸೆದು, ಬ್ರಯನ್ ಲಾರಾ ಅವರನ್ನು ಔಟ್ ಮಾಡಿದರು. ಕಟ್ಟು ಮೂಳೆಯನ್ನು ಕೂಡಿಸಲಾರದು. ಕೆಳದವಡೆಯನ್ನು ಮೇಲ್ದವಡೆಗೆ ಒತ್ತಿಹಿಡಿದು ಮುರಿದ ತುದಿಗಳ ಅಲುಗಾಟವನ್ನು ಕಡಿಮೆ ಮಾಡುವುದು, ಅಷ್ಟೆ. ಓಡುವಾಗಿನ ಒಂದೊಂದು ಹೆಜ್ಜೆಯೂ ಆ ತುದಿಗಳನ್ನು ಕದಲಿಸಲು ಹವಣಿಸುತ್ತದೆ. ಆ ಧೈರ್ಯವನ್ನು ನಾವು ಮೆಚ್ಚುತ್ತೇವೆ, ಅನುಕರಣೀಯವೆನ್ನಲಾರೆವು. ಮೂಳೆ ಕೂಡಲು ನಿಶ್ಚಲತೆ ಬೇಕು. ಶಸ್ತ್ರಚಿಕಿತ್ಸೆಗಾಗಿ ಅವರು ಬೆಂಗಳೂರಿಗೆ ಮರಳಿದರು.